ಕಾಲುದಾರಿಗೆ ಒಂದು ಅಳತೆಪಟ್ಟಿ

ನಗರದಲ್ಲಿ ಬಾಳುವವನಿಗೆ ಬೇಕಾದ ಸೌಕರ್ಯಗಳು ಯಾವುವೆಂದು ಕೇಳಿದರೆ ನೀರು, ದೀಪ, ಬಸ್ಸು, ಆಸ್ಪತ್ರೆ ಎಂದು ನಾವೆಲ್ಲರೂ ಎಣಿಸುತ್ತೇವೆ. ನಡೆಯುವ ದಾರಿ ಎಂದು ಹೇಳುವವರು ಬಹು ವಿರಳ. ಕಾಲಿದ್ದವನಿಗೆ ದಾರಿ ಎಲ್ಲಿಯಾದರೂ ಸಿಕ್ಕೀತೆಂಬ ಭಾವನೆ ಇದಕ್ಕೆ ಕಾರಣವಿರಬೇಕು. ಚರಂಡಿಯ ಚಪ್ಪಡಿ ಮುರಿದಿದ್ದರೆ ಹಾರುತ್ತೇವೆ. ಕಾಲುದಾರಿಯ ಮೇಲೆ ಮೋಟಾರು ಸೈಕಲ್ಲು ನಿಂತಿದ್ದರೆ ರಸ್ತೆಗೆ ಇಳಿಯುತ್ತೇವೆ. ಲಾರಿ ಬಂದರೆ ಮತ್ತೆ ಮೇಲೆ ಹತ್ತುತ್ತೇವೆ. ಪಾಳಿಗೆ ಹೊತ್ತಾಗುತ್ತಿರುವಾಗ ಇದೊಂದು ಶ್ರಮವೆಂದು ಮನಸ್ಸಿಗೂ ಬರುವುದಿಲ್ಲ. ಆದರೆ ಗಾಲಿಕುರ್ಚಿಯಲ್ಲಿ ಕುಳಿತವನಿಗೆ, ಊರುಗೋಲು ಹಿಡಿದವನಿಗೆ, ಬಿಳಿಯ ಕೋಲಿನಿಂದ ನೆಲ ತಡವಿಕೊಂಡು ನಡೆಯುವವನಿಗೆ ಈ ಹಾರುವುದು, ಇಳಿಯುವುದು, ಹತ್ತುವುದು ಮೂರೂ ಸಾಧ್ಯವಿಲ್ಲ. ಅವನ ಪಾಲಿಗೆ ದಾರಿ ಅಲ್ಲಿಗೇ ಮುಗಿಯಿತು.

ಜೀಡಿಮೆಟ್ಲದಂಥ ಕೈಗಾರಿಕಾ ಪ್ರದೇಶದಲ್ಲಿ ಈ ವಿಷಯ ನಮಗೆ ದೂರದ್ದಲ್ಲ. ಯಂತ್ರಗಳ ನಡುವೆ ದುಡಿಯುವವರು ನಾವು. ನಮ್ಮ ವಾಚನಾಲಯಕ್ಕೆ ತಪ್ಪದೆ ಬರುತ್ತಿದ್ದ ರಾಯಚೂರು ಕಡೆಯ ಒಬ್ಬ ಗೆಳೆಯರು ಒಂದು ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲನ್ನು ಮೊಣಕಾಲಿನ ಮೇಲಕ್ಕೆ ಕಳೆದುಕೊಂಡರು. ಕಾರ್ಮಿಕರ ರಾಜ್ಯ ವಿಮೆಯ 1948ರ ಕಾಯಿದೆಯಂತೆ ಅವರಿಗೆ ಸಲ್ಲಬೇಕಾದ ಮಾಸಿಕ ಹಣ ಬರುತ್ತಿದೆ. ಅವರ ಕೈ ಗಟ್ಟಿಯಾಗಿದೆ, ಅಕ್ಷರ ದುಂಡಗಿದೆ, ಲೆಕ್ಕ ಚೊಕ್ಕವಾಗಿದೆ. ಉಗ್ರಾಣದ ಲೆಕ್ಕ ಬರೆಯಲು ಬನ್ನಿ ಎಂದು ಬೇರೊಂದು ಕಡೆಯಿಂದ ಕರೆಯೂ ಬಂದಿತ್ತು. ಮನೆಯಿಂದ ಆ ಸ್ಥಳಕ್ಕೆ ಮೂರು ಫರ್ಲಾಂಗು. ಆ ಮೂರು ಫರ್ಲಾಂಗಿನಲ್ಲಿ ಮುಚ್ಚಳವಿಲ್ಲದ ಎರಡು ಚರಂಡಿ, ಲಾರಿಗಳು ಸಾಲಾಗಿ ನಿಲ್ಲುವ ಒಂದು ತಿರುವು, ಮೊಣಕಾಲೆತ್ತರದ ಒಂದು ಕಾಲುದಾರಿ. ಎರಡು ವಾರ ಹೋಗಿಬಂದು, ಒಮ್ಮೆ ಬಿದ್ದು, ಅವರು ಕೆಲಸವನ್ನು ಬಿಟ್ಟರು. ಈಗ ಅವರ ಮಗ ಭಾನುವಾರ ಬಂದು ತಂದೆಗಾಗಿ ಎರಡು ಪುಸ್ತಕಗಳನ್ನು ಒಯ್ಯುತ್ತಾನೆ. ಕಾಲು ಹೋದುದಕ್ಕೆ ಕಾಯಿದೆ ಒಂದು ಬೆಲೆ ಕಟ್ಟಿತು. ಕೆಲಸ ಹೋದುದು ರಸ್ತೆಯಿಂದ, ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ಇಂಥವರು ಎಷ್ಟು ಮಂದಿ? 2011ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ. ಅವರಲ್ಲಿ ನಡೆದಾಡಲು ತೊಂದರೆಯುಳ್ಳವರು 54 ಲಕ್ಷ, ಕಣ್ಣಿನ ತೊಂದರೆಯವರು 50 ಲಕ್ಷ. ನಮ್ಮ ಕರ್ನಾಟಕದಲ್ಲಿಯೇ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಇಷ್ಟು ಜನರಿದ್ದರೂ ಬೀದಿಯಲ್ಲಿ ಅವರು ಅಪರೂಪವಾಗಿ ಕಾಣುತ್ತಾರೆ. ಕಾಣುವುದಿಲ್ಲವಾದ್ದರಿಂದ ದಾರಿ ಮಾಡುವವರಿಗೆ ಅವರ ನೆನಪಾಗುವುದಿಲ್ಲ. ದಾರಿ ಇಲ್ಲವಾದ್ದರಿಂದ ಅವರು ಹೊರಗೆ ಬರುವುದಿಲ್ಲ. ಇದು ಗಾಣದೆತ್ತಿನ ಸುತ್ತು. ಎಲ್ಲಿಯಾದರೂ ಒಂದು ಕಡೆ ಅದನ್ನು ಮುರಿಯಬೇಕು.

ಮುರಿಯುವುದು ಹೇಗೆಂದರೆ, ಮೊದಲು ಅಳತೆಯನ್ನು ತಿಳಿಯಬೇಕು. ಕಾಲುದಾರಿ ಚೆನ್ನಾಗಿಲ್ಲ ಎಂದು ಗೊಣಗುವುದು ಸುಲಭ. ಎಷ್ಟು ಅಂಗುಲ ಕಡಿಮೆಯಾಗಿದೆ ಎಂದು ಹೇಳುವವನ ಮಾತಿಗೆ ಕಚೇರಿಯಲ್ಲಿ ತೂಕವುಂಟು. ನಮ್ಮ ದೇಶದ ರಸ್ತೆಗಳ ಅಳತೆಗಳನ್ನು ನಿಗದಿ ಮಾಡುವ ಸಂಸ್ಥೆ 1934ರಲ್ಲಿ ಸ್ಥಾಪಿತವಾದ ಭಾರತೀಯ ರಸ್ತೆ ಕಾಂಗ್ರೆಸ್. ಪಾದಚಾರಿಗಳ ಸೌಕರ್ಯಕ್ಕಾಗಿಯೇ ಅದು 103ನೆಯ ಸಂಖ್ಯೆಯ ಒಂದು ಕೈಪಿಡಿಯನ್ನು ಹೊರಡಿಸಿದೆ. ಅದರಲ್ಲಿಯ ಮುಖ್ಯ ವಿಷಯಗಳು ಒಬ್ಬ ಗಾರೆ ಕೆಲಸದವನಿಗೂ ತಿಳಿಯುವಂಥವು. ಒಂದೊಂದಾಗಿ ನೋಡೋಣ.

ಮೊದಲನೆಯದು ಅಗಲ. ಕಾಲುದಾರಿಯಲ್ಲಿ ಯಾವ ಅಡ್ಡಿಯೂ ಇಲ್ಲದ ಅಗಲ ಕಡಿಮೆ ಎಂದರೆ 1.8 ಮೀಟರು, ಅಂದರೆ ಆರು ಅಡಿ ಇರಬೇಕು. ಆರು ಅಡಿ ಏಕೆಂದರೆ, ಒಂದು ಗಾಲಿಕುರ್ಚಿ ಆರಾಮವಾಗಿ ಸಾಗಲು ಮೂರು ಅಡಿ ಬೇಕು; ಎದುರಿನಿಂದ ಇನ್ನೊಂದು ಬಂದರೆ ಎರಡೂ ಪಾರಾಗಬೇಕು. ಇಲ್ಲಿ ‘ಅಡ್ಡಿಯಿಲ್ಲದ’ ಎಂಬ ಮಾತು ಮುಖ್ಯ. ಕಲ್ಲು ಹಾಸಿದ ಅಗಲ ಎಂಟು ಅಡಿಯಿದ್ದು, ನಟ್ಟನಡುವೆ ಒಂದು ವಿದ್ಯುತ್ ಕಂಬವಿದ್ದರೆ ಎರಡು ಮಗ್ಗುಲಿಗೂ ಉಳಿಯುವುದು ನಾಲ್ಕು ಅಡಿಗಿಂತ ಕಡಿಮೆ. ಕಾಗದದ ಮೇಲೆ ಎಂಟು ಅಡಿಯ ಕಾಲುದಾರಿ; ನಡೆಯುವವನಿಗೆ ಮೂರೂವರೆ ಅಡಿಯ ಓಣಿ.

ಎರಡನೆಯದು ತಲೆಯ ಮೇಲಣ ತೆರವು. ನೆಲದಿಂದ 2.2 ಮೀಟರಿನವರೆಗೆ ಯಾವುದೂ ಅಡ್ಡ ಬರಬಾರದು. ಅಂಗಡಿಯ ಹಲಗೆ, ಮರದ ಕೊಂಬೆ, ಕಟ್ಟಿದ ತಂತಿ ಇವು ಕಣ್ಣಿದ್ದವನಿಗೆ ಕಾಣುತ್ತವೆ. ಬಿಳಿಯ ಕೋಲು ನೆಲವನ್ನು ತಿಳಿಸಬಲ್ಲುದೇ ಹೊರತು ಹಣೆಗೆ ಬಡಿಯುವ ತಗಡನ್ನು ತಿಳಿಸಲಾರದು.

ಮೂರನೆಯದು ಎತ್ತರ. ಅಂಚುಗಲ್ಲು ರಸ್ತೆಯಿಂದ 15 ಸೆಂಟಿಮೀಟರಿಗಿಂತ, ಅಂದರೆ ಆರು ಅಂಗುಲಕ್ಕಿಂತ ಎತ್ತರವಾಗಿರಬಾರದು. ನಮ್ಮ ಕಡೆ ಒಂದು ಅಡಿ, ಒಂದೂವರೆ ಅಡಿ ಎತ್ತರದ ಕಾಲುದಾರಿಗಳು ಎಷ್ಟಿಲ್ಲ! ವಾಹನ ಮೇಲೆ ಏರದಿರಲೆಂದು ಎತ್ತರಿಸಿದೆವೆಂದು ಕಾರಣ ಹೇಳುತ್ತಾರೆ. ಫಲವಾದುದೇನೆಂದರೆ, ಬಸುರಿ ಹೆಂಗಸು, ವಯಸ್ಸಾದವರು, ಮಂಡಿನೋವಿನವರು ಎಲ್ಲರೂ ಕಾಲುದಾರಿಯನ್ನು ಬಿಟ್ಟು ರಸ್ತೆಯಲ್ಲಿಯೇ ನಡೆಯುತ್ತಾರೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳಾಗಿದ್ದರು. ಐವರಲ್ಲಿ ಒಬ್ಬನೆಂದಾಯಿತು.

ನಾಲ್ಕನೆಯದು ಇಳಿಜಾರು. ಕಾಲುದಾರಿ ಮುಗಿದು ರಸ್ತೆ ದಾಟುವಲ್ಲಿ ಅಂಚುಗಲ್ಲನ್ನು ತಗ್ಗಿಸಿ ಇಳಿಜಾರು ಮಾಡಬೇಕು. ಅದರ ಲೆಕ್ಕ ಒಂದಕ್ಕೆ ಹನ್ನೆರಡು. ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದ. ಹಾಗಾದರೆ ಆರು ಅಂಗುಲದ ಅಂಚಿಗೆ ಆರು ಅಡಿ ಉದ್ದದ ಇಳಿಜಾರು ಬೇಕು. ನಾವು ಕಾಣುವುದೇನು? ಎರಡಡಿಯಲ್ಲಿ ಸಿಮೆಂಟು ಮೆತ್ತಿ ಜಾರುಬಂಡೆ ಮಾಡಿರುತ್ತಾರೆ. ಅದರಲ್ಲಿ ಮೋಟಾರು ಸೈಕಲ್ಲು ಸುಲಭವಾಗಿ ಏರುತ್ತದೆ. ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಐದನೆಯದು ತಡೆಗೂಟಗಳು. ಮೋಟಾರು ಸೈಕಲ್ಲುಗಳು ಕಾಲುದಾರಿಯನ್ನು ಏರಬಾರದೆಂದು ಬಾಯಿಗೆ ಕಬ್ಬಿಣದ ಗೂಟಗಳನ್ನು ನೆಡುವುದುಂಟು. ಉದ್ದೇಶ ಒಳ್ಳೆಯದೇ. ಆದರೆ ಮೋಟಾರು ಸೈಕಲ್ಲಿನ ಹಿಡಿಯ ಅಗಲವೂ ಗಾಲಿಕುರ್ಚಿಯ ಅಗಲವೂ ಹೆಚ್ಚು ಕಡಿಮೆ ಒಂದೇ. ಒಂದನ್ನು ತಡೆಯುವ ಗೂಟ ಇನ್ನೊಂದನ್ನೂ ತಡೆಯುತ್ತದೆ. ಆದುದರಿಂದ ಗೂಟಗಳ ನಡುವೆ ಮೂರು ಅಡಿಯಾದರೂ ತೆರವಿಟ್ಟು, ಸವಾರರನ್ನು ದಂಡದಿಂದ ತಡೆಯಬೇಕಲ್ಲದೆ ಬೇರೆ ಉಪಾಯವಿಲ್ಲ. ನಮ್ಮಲ್ಲಿ ಸವಾರಿ ಮಾಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಆರನೆಯದು ಹಳದಿ ಬಿಲ್ಲೆಗಳು. ಮೆಟ್ರೋ ನಿಲ್ದಾಣಗಳಲ್ಲಿ ಉಬ್ಬುಗೆರೆಯ ಹಳದಿ ಬಿಲ್ಲೆಗಳನ್ನು ಎಲ್ಲರೂ ನೋಡಿದ್ದೇವೆ. ಅಲಂಕಾರಕ್ಕೆಂದು ತಿಳಿದವರೂ ಇದ್ದಾರೆ. ಅದು ಕಾಲಿನಿಂದ ಓದುವ ಲಿಪಿ. ಉದ್ದಗೆರೆಗಳಿದ್ದರೆ ‘ಹೀಗೆ ಮುಂದೆ ಹೋಗು’ ಎಂದು ಅರ್ಥ. ಉಬ್ಬು ಚುಕ್ಕೆಗಳಿದ್ದರೆ ‘ನಿಲ್ಲು, ಎಚ್ಚರ’ ಎಂದು ಅರ್ಥ. ಮಂದದೃಷ್ಟಿಯವರಿಗೂ ಎದ್ದು ಕಾಣಲೆಂದು ಬಣ್ಣ ಹಳದಿ. ಇದನ್ನು 1965ರಲ್ಲಿ ಕಂಡುಹಿಡಿದವರು ಜಪಾನಿನ ಸೇಯಿಚಿ ಮಿಯಾಕೆ. ಕಣ್ಣು ಮಂದವಾಗುತ್ತಿದ್ದ ಒಬ್ಬ ಸ್ನೇಹಿತನಿಗೆ ನೆರವಾಗಬೇಕೆಂಬುದೇ ಅವರ ಪ್ರೇರಣೆ. 1967ರ ಮಾರ್ಚ್ 18ರಂದು ಒಕಯಾಮ ನಗರದಲ್ಲಿ ಅಂಧರ ಶಾಲೆಯ ಬಳಿಯ ರಸ್ತೆಯಲ್ಲಿ ಮೊದಲ ಬಿಲ್ಲೆಗಳನ್ನು ಹಾಸಿದರು. ಇಂದು ಅವು ಲೋಕವೆಲ್ಲ ಹರಡಿವೆ. ನಮ್ಮ ನಗರಗಳಲ್ಲಿಯೂ ಹಾಸುತ್ತಾರೆ. ಆದರೆ ಗೆರೆಯನ್ನು ಹಿಡಿದು ನಡೆದರೆ ಕೆಲವು ಕಡೆ ಅದು ನೇರವಾಗಿ ಕಂಬಕ್ಕೋ ಮರದ ಬುಡಕ್ಕೋ ಕೊಂಡೊಯ್ಯುತ್ತದೆ. ಗೆರೆಯ ಅರ್ಥ ಹಾಸಿದವನಿಗೆ ಯಾರೂ ತಿಳಿಸಿಲ್ಲ.

ಏಳನೆಯದು ರಸ್ತೆ ದಾಟುವ ಸಮಯ. ಆರೋಗ್ಯವಂತನು ಸೆಕೆಂಡಿಗೆ 1.2 ಮೀಟರು ನಡೆಯುವನೆಂದು ಲೆಕ್ಕ ಹಿಡಿಯುವುದು ರೂಢಿ. 24 ಮೀಟರು ಅಗಲದ ರಸ್ತೆಗೆ ಅವನಿಗೆ 20 ಸೆಕೆಂಡು ಸಾಕು. ಊರುಗೋಲಿನವನು ಸೆಕೆಂಡಿಗೆ 0.8 ಮೀಟರು ನಡೆದರೆ ಅವನಿಗೆ 30 ಸೆಕೆಂಡು ಬೇಕು. 20 ಸೆಕೆಂಡಿಗೆ ದೀಪ ಬದಲಾದರೆ ಅವನು ಇನ್ನೂ ಎಂಟು ಮೀಟರು ಈಚೆಗೆ, ವಾಹನಗಳ ಎದುರಿಗೆ ಇರುತ್ತಾನೆ. ದೀಪದ ಸಮಯವನ್ನು ಹತ್ತು ಸೆಕೆಂಡು ಹೆಚ್ಚಿಸಲು ಸಿಮೆಂಟು ಬೇಡ, ಕಬ್ಬಿಣ ಬೇಡ. ರಸ್ತೆಯ ನಡುವೆ ನಿಲ್ಲಲು ಒಂದು ತಂಗುಜಾಗವಿದ್ದರಂತೂ ಎರಡು ಸಲಕ್ಕೆ ದಾಟಬಹುದು. ಇದನ್ನು ಬಿಟ್ಟು ನಲವತ್ತು ಮೆಟ್ಟಿಲಿನ ಮೇಲ್ಸೇತುವೆ ಕಟ್ಟಿದರೆ, ಲಿಫ್ಟು ಕೆಟ್ಟ ದಿನ ಅದು ಬಲಶಾಲಿಗಳಿಗೆ ಮಾತ್ರ.

ಈ ಏಳನ್ನೂ ಕೂಡಿಸಿ ನೋಡಿದಾಗ ಒಂದು ಸಂಗತಿ ತಿಳಿಯುತ್ತದೆ. ಕಾಲುದಾರಿ ಒಂದು ಸರಪಳಿಯಂತೆ. ಒಂದು ಮೈಲಿಯಲ್ಲಿ ಮುಕ್ಕಾಲು ಮೈಲಿ ಚೆನ್ನಾಗಿದೆ ಎಂದರೆ ಮುಕ್ಕಾಲು ಉಪಯೋಗವಾಯಿತೆಂದು ನಮ್ಮ ಲೆಕ್ಕ. ಗಾಲಿಕುರ್ಚಿಯವನ ಲೆಕ್ಕವೇ ಬೇರೆ: ಒಂದು ಕಡೆ ತುಂಡಾಗಿದ್ದರೆ ಅವನಿಗೆ ಇಡೀ ದಾರಿ ಸೊನ್ನೆ. ಆದುದರಿಂದ ಹತ್ತು ಕಡೆ ಚೂರುಚೂರು ಕೆಲಸಕ್ಕಿಂತ, ಒಂದು ಮನೆಯಿಂದ ಒಂದು ಬಸ್ ನಿಲ್ದಾಣದವರೆಗೆ ಪೂರ್ತಿಯಾಗಿ ಆದ ಕೆಲಸ ಹೆಚ್ಚಿನದು.

ಇದೆಲ್ಲ ಶ್ರೀಮಂತ ದೇಶಗಳಿಗೆ ಸರಿ, ನಮಗೆಲ್ಲಿಯದು ಎಂದು ಕೆಲವರು ಕೇಳಬಹುದು. ಅಲ್ಲಿಯೂ ಇದು ತಾನಾಗಿ ಬಂದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಸೈನಿಕರು ಅಮೆರಿಕದ ಕಲಮಜೂ ಎಂಬ ಊರಿನ ಪೇಟೆಯಲ್ಲಿ ಅಂಚುಗಲ್ಲು ಹತ್ತಲಾರದೆ ಕಷ್ಟಪಡುತ್ತಿದ್ದರು. ತಾನೂ ಗಾಯಾಳುವಾಗಿದ್ದ ಜ್ಯಾಕ್ ಫಿಶರ್ ಎಂಬ ವಕೀಲನು ಪುರಸಭೆಗೆ ಅರ್ಜಿ ಕೊಟ್ಟು, 1945ರ ಸುಮಾರಿಗೆ ಕೆಲವು ಮೂಲೆಗಳಲ್ಲಿ ಕಲ್ಲು ತಗ್ಗಿಸುವಂತೆ ಮಾಡಿದನು. 1970ರ ದಶಕದ ಮೊದಲಲ್ಲಿ ಬರ್ಕ್ಲಿ ನಗರದ ಅಂಗವಿಕಲ ವಿದ್ಯಾರ್ಥಿಗಳು ಇದನ್ನೇ ಹಟಹಿಡಿದು ಕೇಳಿದರು. ಇಳಿಜಾರು ಆದಮೇಲೆ ಅದರ ಮೇಲೆ ಹೋದವರು ಯಾರು? ಕೂಸಿನ ಗಾಡಿ ತಳ್ಳುವ ತಾಯಿ, ಸಾಮಾನಿನ ಬಂಡಿಯವನು, ಪೆಟ್ಟಿಗೆ ಎಳೆಯುವ ಪ್ರಯಾಣಿಕ. ಕೆಲವರಿಗಾಗಿ ಮಾಡಿದ್ದು ಎಲ್ಲರಿಗೂ ಬಂತು. ನಮ್ಮಲ್ಲಿ ನೀರಿನ ಕ್ಯಾನು ತಳ್ಳುವ ಹುಡುಗನಿಗೂ, ಊರಿನಿಂದ ಜೋಳದ ಚೀಲ ಹೊತ್ತು ಬಂದಿಳಿದವನಿಗೂ ಆ ಆರಡಿಯ ಇಳಿಜಾರು ಉಪಕಾರವೇ.

ನಮ್ಮ ನಾಡಿನಲ್ಲಿಯೂ ಉದಾಹರಣೆಗಳಿಲ್ಲದಿಲ್ಲ. ಬೆಂಗಳೂರಿನಲ್ಲಿ 2015ರ ಸುಮಾರಿಗೆ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆ ಮೊದಲಾದವನ್ನು ‘ಟೆಂಡರ್ ಶ್ಯೂರ್’ ಎಂಬ ಕ್ರಮದಲ್ಲಿ ಹೊಸದಾಗಿ ಕಟ್ಟಿದರು. ನೀರಿನ ಕೊಳವೆ, ತಂತಿ, ಚರಂಡಿ ಎಲ್ಲವನ್ನೂ ನೆಲದೊಳಗೆ ಗೊತ್ತಾದ ಜಾಗದಲ್ಲಿ ಇಟ್ಟು, ಮೇಲೆ ಅಗಲವಾದ ಕಾಲುದಾರಿ ಹಾಸಿದರು. ಕೊಳವೆಗೊಂದು ಸಲ, ತಂತಿಗೊಂದು ಸಲ ಅಗೆಯುವುದೇ ನಮ್ಮ ಕಾಲುದಾರಿಗಳ ಕ್ಷಯರೋಗ. ಅದಕ್ಕೆ ಅಲ್ಲಿ ಮದ್ದು ಹುಡುಕಿದ್ದಾರೆ. ಖರ್ಚು ಬಹಳವಾಯಿತೆಂಬ ಟೀಕೆಯೂ, ನಗರದ ನಡುವಿನ ಬೀದಿಗಳಿಗೇ ಆಯಿತೆಂಬ ಆಕ್ಷೇಪವೂ ಬಂದವು. ಎರಡನೆಯದು ನಮ್ಮಂಥ ಹೊರವಲಯದವರ ಮಾತೂ ಹೌದು.

ಬೆಂಗಳೂರಿನ ಮಾತು ಬಂದುದರಿಂದ ಇಬ್ಬರನ್ನು ನೆನೆಯಬೇಕು. ಪೋಲಿಯೋದಿಂದ ಅಂಗವಿಕಲರಾದ ಎನ್. ಎಸ್. ಹೇಮಾ ಅವರು 1959ರಲ್ಲಿಯೇ ಅಂಗವಿಕಲರ ಸಂಸ್ಥೆಯನ್ನು ಅಲ್ಲಿ ಆರಂಭಿಸಿದರು. ಅದೇ ರೋಗಕ್ಕೆ ಬಾಲ್ಯದಲ್ಲಿ ತುತ್ತಾದ ಕೆ. ಎಸ್. ರಾಜಣ್ಣನವರು ಮುಂದೆ ಕರ್ನಾಟಕದ ಅಂಗವಿಕಲರ ಆಯುಕ್ತರಾಗಿ ಸೇವೆ ಸಲ್ಲಿಸಿ, 2024ರಲ್ಲಿ ಪದ್ಮಶ್ರೀ ಪಡೆದರು. ಇಂಥವರು ಹೊರಗೆ ಬಂದುದರಿಂದಲೇ ಹೊರಗಿನ ಅಡ್ಡಿಗಳು ನಾಲ್ಕು ಜನರ ಕಣ್ಣಿಗೆ ಬಿದ್ದವು.

ಇನ್ನು ಕಾಯಿದೆಯ ಮಾತು. 1995ರ ಕಾಯಿದೆಯಲ್ಲಿಯೇ ಕಾಲುದಾರಿಗೆ ಇಳಿಜಾರು ಬೇಕು, ಕೆಂಪು ದೀಪದಲ್ಲಿ ಸದ್ದಿನ ಸೂಚನೆ ಬೇಕು ಎಂದು ಬರೆದಿತ್ತು. ಆದರೆ ‘ಹಣದ ಶಕ್ತಿಯಿದ್ದಷ್ಟು’ ಎಂಬ ಒಂದು ಮಾತು ಜೊತೆಗಿತ್ತು. ಆ ಮಾತಿನ ಸಂದಿನಲ್ಲಿ ಎಲ್ಲವೂ ಸೋರಿಹೋಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಇದಕ್ಕಿಂತ ಬಲವಾದುದು. ಇರುವ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬರುವಂತೆ ಮಾಡಲು, 2017ರಲ್ಲಿ ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷದ ಗಡುವು ಕೊಟ್ಟಿತ್ತು. ಆ ಗಡುವು 2022ಕ್ಕೇ ಮುಗಿದಿದೆ. ಕಾಯಿದೆಯನ್ನು ಮೀರಿದವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿಯವರೆಗೆ, ಮತ್ತೆ ಮೀರಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವುಂಟು.

ಇಲ್ಲಿ ನಮ್ಮ ಹೈದರಾಬಾದಿನ ಪಾತ್ರವೂ ಒಂದಿದೆ. ಕಣ್ಣು ಕಾಣದ ರಾಜೀವ್ ರತೂರಿ ಎಂಬವರು ರಸ್ತೆ, ಸಾರಿಗೆ, ಕಟ್ಟಡಗಳು ತಮ್ಮಂಥವರಿಗೂ ತೆರೆದಿರಬೇಕೆಂದು 2005ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. 2017ರಲ್ಲಿ ನ್ಯಾಯಾಲಯ ಅನೇಕ ಆದೇಶಗಳನ್ನು ಕೊಟ್ಟಿತು. ಕೆಲಸ ಎಷ್ಟಾಗಿದೆಯೆಂದು ಪರಿಶೀಲಿಸಿ ವರದಿ ಮಾಡುವ ಹೊಣೆ ನಮ್ಮ ಶಾಮೀರ್‌ಪೇಟೆಯ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವಿಕಲತಾ ಅಧ್ಯಯನ ಕೇಂದ್ರಕ್ಕೆ ಬಂದಿತು. ಆ ವರದಿಯನ್ನು ನೋಡಿ 2024ರ ನವೆಂಬರ್ 8ರಂದು ನ್ಯಾಯಾಲಯ ಹೇಳಿದ್ದು ಇಷ್ಟು: ಕಾಯಿದೆ ‘ಮಾಡಲೇಬೇಕು’ ಎನ್ನುತ್ತದೆ, ಅದರ ಕೆಳಗಿನ ನಿಯಮ ‘ಮಾಡಿದರೆ ಒಳ್ಳೆಯದು’ ಎನ್ನುವಂತಿದೆ, ಇದು ಸಲ್ಲದು, ಮೂರು ತಿಂಗಳಲ್ಲಿ ಕಡ್ಡಾಯವಾದ ನಿಯಮಗಳನ್ನು ಮಾಡಿರಿ. 2025ರ ಮೇ 14ರಂದು ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಅಡ್ಡಿಯಿಲ್ಲದ ಕಾಲುದಾರಿಯ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದೂ, ಕಾಲುದಾರಿಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂದೂ ಹೇಳಿತು. ಆದುದರಿಂದ ಇನ್ನು ಮುಂದೆ ನಾವು ಕಚೇರಿಗೆ ಹೋಗಿ ಕೇಳುವುದು ದಯೆಯನ್ನಲ್ಲ ಎಂಬ ಧೈರ್ಯವಿರಲಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಾಲುದಾರಿ ತೆರವು ಮಾಡಿ ಎಂದೊಡನೆ ಮೊದಲ ಪೆಟ್ಟು ಬೀಳುವುದು ತಳ್ಳುಗಾಡಿಯವನ ಮೇಲೆ. ಅವನೂ ನಮ್ಮವನೇ, ಊರು ಬಿಟ್ಟು ಹೊಟ್ಟೆಪಾಡಿಗೆ ಬಂದವನು. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಅವನಿಗೂ ಹಕ್ಕು ಕೊಟ್ಟಿದೆ. ಸಮಿತಿಯ ಮೂಲಕ ಜಾಗ ಗೊತ್ತುಮಾಡಬೇಕೆಂದಿದೆ. ನಡೆಯುವ ಆರು ಅಡಿಯನ್ನು ಬಿಟ್ಟು ಅದರಾಚೆಗೆ ಅವನಿಗೆ ಸ್ಥಳವಿಟ್ಟರೆ ಇಬ್ಬರೂ ಬದುಕುತ್ತಾರೆ. ಕಂಬ, ಪೆಟ್ಟಿಗೆ, ನಿಲ್ಲಿಸಿದ ಕಾರುಗಳನ್ನು ಹಾಗೆಯೇ ಬಿಟ್ಟು ಬಾಳೆಹಣ್ಣಿನ ಗಾಡಿಯನ್ನು ಮಾತ್ರ ಓಡಿಸಿದರೆ ಅದು ಸುಧಾರಣೆಯಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಸಭೆ ಬೇಡ. ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ, ನಾಲ್ಕು ಜನ ಸಾಕು. ಒಂದು ಭಾನುವಾರ ಬೆಳಿಗ್ಗೆ ನಮ್ಮ ವಾಚನಾಲಯದ ಬಾಗಿಲಿನಿಂದ ಬಸ್ ನಿಲ್ದಾಣದವರೆಗೆ ನಡೆದು, ಎಲ್ಲಿ ಅಗಲ ಆರು ಅಡಿಗಿಂತ ಕಡಿಮೆ, ಎಲ್ಲಿ ಅಂಚು ಆರು ಅಂಗುಲಕ್ಕಿಂತ ಹೆಚ್ಚು, ಎಲ್ಲಿ ಚಪ್ಪಡಿ ಇಲ್ಲ, ಎಲ್ಲಿ ಕಂಬ ಅಡ್ಡ ಎಂದು ಕ್ರಮವಾಗಿ ಬರೆಯೋಣ. ಫೋನಿನಲ್ಲಿ ಚಿತ್ರ ತೆಗೆಯೋಣ. ನಡೆಯುವಾಗ ಅಂಗವಿಕಲರೊಬ್ಬರು ಜೊತೆಗಿರಲೇಬೇಕು. ಅವರು ಹೇಳುವ ದೋಷ ನಮಗೆ ಹೊಳೆಯಲಾರದು. ಆಮೇಲೆ ಆ ಪಟ್ಟಿಯನ್ನು ತೆಲುಗು ಬಲ್ಲ ಸದಸ್ಯರಿಂದ ತೆಲುಗಿನಲ್ಲಿ ಬರೆಯಿಸಿ ನಗರಪಾಲಿಕೆಗೆ ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಳ್ಳೋಣ. ರಸ್ತೆಯ ಹೊಸ ಕಾಮಗಾರಿಯ ಅಂದಾಜಿನಲ್ಲಿ ಇಳಿಜಾರು ಸೇರಿದೆಯೇ ಎಂದು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಕೆಲಸ ಆಗುವುದಕ್ಕೆ ಮೊದಲು ಕೇಳುವುದೇ ಜಾಣತನ; ಸಿಮೆಂಟು ಒಣಗಿದ ಮೇಲೆ ಒಡೆಸುವುದು ಯಾರಿಗೂ ಇಷ್ಟವಿಲ್ಲ. ಯಾವ ಉತ್ತರವೂ ಬಾರದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡುವ ಹಾದಿಯಿದೆ.

ಇನ್ನೊಬ್ಬರನ್ನು ಕೇಳುವ ಮೊದಲು ನಮ್ಮ ಹೊಸ್ತಿಲನ್ನೂ ಅಳೆಯೋಣ. ವಾಚನಾಲಯಕ್ಕೆ ಮೂರು ಮೆಟ್ಟಿಲು, ಒಂದೊಂದು ಆರು ಅಂಗುಲ, ಒಟ್ಟು ಒಂದೂವರೆ ಅಡಿ. ಒಂದಕ್ಕೆ ಹನ್ನೆರಡರಂತೆ ಹದಿನೆಂಟು ಅಡಿ ಇಳಿಜಾರು ಬೇಕು. ನೇರವಾಗಿ ಮಾಡಿದರೆ ಅದು ಬೀದಿಗೆ ಬರುತ್ತದೆ. ಗೋಡೆಯ ಮಗ್ಗುಲಿಗೆ ತಿರುಗಿಸಿದರೆ ಜಾಗ ಸಾಲುತ್ತದೆ. ಒಂದು ಕಡೆ ಹಿಡಿಗಂಬಿ ಬೇಕು. ಮರಳು, ಸಿಮೆಂಟು, ಕಂಬಿಗೆ ಚಂದಾ ಎತ್ತಬೇಕಾಗುವುದು. ಗಾರೆ ಕೆಲಸ ಬಲ್ಲ ಸದಸ್ಯರು ನಮ್ಮಲ್ಲಿಯೇ ಮೂವರಿದ್ದಾರೆ. ಒಪ್ಪುವವರು ವಾಚನಾಲಯದ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕಾಗಿ ಪ್ರಾರ್ಥನೆ. ಹಣ ಕೊಡಲಾರದವರು ಒಂದು ಭಾನುವಾರದ ಬೆಳಗನ್ನು ಕೊಟ್ಟರೂ ಆದೀತು.